ಮಾವನ ಅಂಗಡಿ ಮುಂದಿನ ದಾರಿ

ಸೀನು ಬಂದರೆ ನನಗೆ ಲಕ್ಷ್ಮೇಶ್ವರ ನೆನಪಾಗುತ್ತದೆ. ಎಲ್ಲ ಸೀನಿಗೂ ಅಲ್ಲ. ನೆಗಡಿಯ ಸೀನು ಬೇರೆ, ಒಣಮೆಣಸಿನಕಾಯಿಯ ಸೀನು ಬೇರೆ. ಮೊನ್ನೆ ಬೆಟಗೇರಿಯ ನಮ್ಮ ಮನೆಯಲ್ಲಿ ವರ್ಷದ ಖಾರ ಕುಟ್ಟಿಸುವುದಕ್ಕೆಂದು ಮೆಣಸಿನಕಾಯಿಯ ತೊಟ್ಟು ಮುರಿಯಲು ಕೂತೆ. ಚೀಲದ ಬಾಯಿ ಬಿಚ್ಚಿದ್ದೇ ತಡ, ಒಂದರ ಹಿಂದೆ ಒಂದು ಸೀನು ಶುರುವಾಯಿತು. ಮಗಳು ಒಳಗಿನಿಂದಲೇ ಕೂಗಿದಳು, "ಅವ್ವಾ, ಲಕ್ಷ್ಮೇಶ್ವರದ ಚೀಲ ಬಿಚ್ಚಿದೇನ?"

ಆ ಚೀಲ ಕಳಿಸಿದವರು ನನ್ನ ಮಾವ. ಪ್ರತಿ ವರ್ಷ ಸುಗ್ಗಿಯ ಮೊದಲ ಮಾಲು ಬಂದಾಗ ಒಂದು ಚೀಲ ಬಸ್ಸಿನ ಮೇಲೆ ಹೇರಿಸಿ ಕಳಿಸುತ್ತಾರೆ. ಆ ಘಾಟು ಮೂಗಿಗೆ ಬಡಿದರೆ ಸಾಕು, ನಾಲ್ಕೈದು ವರ್ಷದ ಹಿಂದಿನ ಒಂದು ಮಾಗಿ ಕಾಲ ಕಣ್ಣ ಮುಂದೆ ಬರುತ್ತದೆ. ಆ ಚಳಿಗಾಲದಲ್ಲಿ ನಾನು ಲಕ್ಷ್ಮೇಶ್ವರದ ಬೀದಿಗಳಲ್ಲಿ ಪರವೂರಿನ ಜನರನ್ನು ಬೆನ್ನಿಗೆ ಕಟ್ಟಿಕೊಂಡು ನಡೆದು ಊರು ತೋರಿಸುವ ಕೆಲಸ ಮಾಡಿದ್ದೆ.

ನನ್ನ ತವರು ಡಂಬಳ. ಅಲ್ಲಿನ ಗುಡಿಯ ಜಗಲಿಯ ಮೇಲೆ ಕೂತು ಪರೀಕ್ಷೆಗೆ ಓದಿದವಳು ನಾನು. ಕೆತ್ತಿದ ಕಲ್ಲು, ಕೆರೆಯ ಏರಿ, ಅರ್ಧ ಅಳಿಸಿದ ಶಾಸನ ಇವೆಲ್ಲ ನನಗೆ ಪಕ್ಕದ ಮನೆಯವರಷ್ಟು ಸಲಿಗೆ. ಧಾರವಾಡದಲ್ಲಿ ಇತಿಹಾಸ ತಗೊಂಡು ಎಂ.ಎ. ಮಾಡಿದೆ. ಮುಗಿಸಿದ ವರ್ಷವೇ ಮದುವೆಯಾಯಿತು. ಹೆಣ್ಣು ನೋಡಲು ಬಂದಾಗ ಬಾಯಿ ತುಂಬ ಹೊಗಳಿಸಿಕೊಂಡಿದ್ದ ಓದು ಗಂಡನ ಮನೆಯ ಅಟ್ಟದ ಮೇಲೆ ಟ್ರಂಕಿನೊಳಗೆ ಹೋಗಿ ಕೂತಿತು. ಅದನ್ನು ಬೇಡ ಎಂದವರು ಯಾರೂ ಇಲ್ಲ. ಬೇಕು ಎಂದವರೂ ಇಲ್ಲ.

ಮಾವ ಚೆನ್ನಬಸಪ್ಪನವರದು ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಸೋಮೇಶ್ವರನ ಗುಡಿಯಿಂದ ಜುಮ್ಮಾ ಮಸೀದಿಯ ಕಡೆಗೆ ಹೋಗುವಾಗ ಪೇಟೆ ಬೀದಿಯ ನಟ್ಟನಡುವೆ ಅಂಗಡಿ. ಬೀದಿಗೆ ಮುಖ ಮಾಡಿ ಗಾದಿ, ಗಾದಿಯ ಮೇಲೆ ಮಾವ. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಟೊಪ್ಪಿಗೆ. ಅಷ್ಟು ಕೆಂಪಿನ ನಡುವೆ ಅಷ್ಟು ಬಿಳಿಯಾಗಿ ಅವರು ಹೇಗೆ ಇರುತ್ತಿದ್ದರೋ, ಬಟ್ಟೆ ಒಗೆಯುತ್ತಿದ್ದ ನನಗೂ ತಿಳಿಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ರೀತಿ ಇತ್ತು. ಸೊಸೆಯಾದವಳು ಮಾವನ ಅಂಗಡಿಯ ಮುಂದೆ ಹಾಯುವುದಿಲ್ಲ. ಅತ್ತೆ ತಮ್ಮ ಮಾವನ ಕಾಲದಲ್ಲಿ ಹಾಯಲಿಲ್ಲ, ನಾನೂ ಹಾಯಲಿಲ್ಲ. ಸಂತೆಗೆ ಹೋಗುವುದಿರಲಿ, ಗುಡಿಗೆ ಹೋಗುವುದಿರಲಿ, ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುವುದು. ಹಾಯಲೇಬೇಕಾಗಿ ಬಂದರೆ ತಲೆಯ ಮೇಲೆ ಸೆರಗು, ಕಾಲಿನ ಚಪ್ಪಲಿ ಕೈಗೆ, ಬಾಯಿಗೆ ಬೀಗ. ಮದುವೆ ಕಾರ್ಯಕ್ಕೆಂದು ಊರಿಗೆ ಹೊರಟರೂ ಹಾಗೆಯೇ: ಬಸ್ ಸ್ಟ್ಯಾಂಡಿಗೆ ಮಾವ ಮುಂದೆ, ಅತ್ತೆ ಅವರ ಹಿಂದೆ, ನಾನು ಅತ್ತೆಯ ಹಿಂದೆ. ಇದರಲ್ಲಿ ಯಾರ ಜುಲುಮೆಯೂ ಇರಲಿಲ್ಲ. ಮಾವ ದೊಡ್ಡ ದನಿ ತೆಗೆದದ್ದನ್ನೇ ನಾನು ಕೇಳಿಲ್ಲ. ನನ್ನ ಜೊತೆ ನೇರವಾಗಿ ಮಾತಾಡುತ್ತಿದ್ದದ್ದೂ ಅಪರೂಪ. ನನಗೆ ಹೇಳಬೇಕಾದ್ದನ್ನು ಅತ್ತೆಗೆ ಹೇಳುತ್ತಿದ್ದರು. ನಾನು ಅವರಿಗೆ ಹೇಳಬೇಕಾದ್ದನ್ನು ಅತ್ತೆಗೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೆ.

ಹೀಗಿರುವಾಗ ಊರು ತೋರಿಸುವ ಕೆಲಸದ ಖಬರು ತಂದವರು ನಮ್ಮ ಮನೆಯವರು. ಹಳೆಯ ರಾಜಧಾನಿಗಳನ್ನು ಜನ ನಡೆದಾಡಿ ನೋಡಲಿ ಎಂದು ಗದಗದ ಒಂದು ಕಚೇರಿಯವರು ಯೋಜನೆ ಹಾಕಿದ್ದರು. ನಮ್ಮ ಊರು ಒಂದಾನೊಂದು ಕಾಲಕ್ಕೆ ಪುಲಿಗೆರೆ, ಮುನ್ನೂರು ಹಳ್ಳಿಗಳ ನಾಡಿನ ರಾಜಧಾನಿ. ದೀಪಾವಳಿಯಿಂದ ಶಿವರಾತ್ರಿಯ ತನಕ ಐತವಾರ ಮುಂಜಾನೆ ನಡಿಗೆ. ಸರಿ ಹೋದರೆ ಮುಂದುವರಿಸುವುದು. ಊರಿನವರೇ ಆಗಿ ಇತಿಹಾಸ ಓದಿದವರು ಬೇಕಂತೆ. ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಮಾತು ತೆಗೆದರು. ಅತ್ತೆಗೆ ನಗು ಬಂತು.

"ಊರು ತೋರ್ಸೂದೂ ಒಂದು ನೌಕರಿ ಏನೋ? ಕಣ್ಣಿದ್ದವ್ರು ತಾವ ನೋಡ್ಕೋತಾರ."

"ನೋಡ್ತಾರವ್ವಾ. ಏನ್ ನೋಡಾಕತ್ತೀವಿ ಅನ್ನೂದು ಒಬ್ರು ಹೇಳಬೇಕಲ್ಲ," ಎಂದರು ನಮ್ಮವರು.

"ಹೇಳಾಕ ಈಕೀನ ಬೇಕೇನು? ಮಂದಿ ಮುಂದ ಬಾಯಿ ಬರತೈತೇನು ಈಕಿಗೆ?"

ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಮಾವ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟು, ನುಂಗಿ, "ಆತು" ಎಂದರು. ಒಪ್ಪಿದ್ದಕ್ಕೆ ಆತು ಎಂದರೋ, ಊಟ ಆತು ಎಂದರೋ ತಿಳಿಯದೆ ನಾನು ಅತ್ತೆಯ ಮುಖ ನೋಡಿದೆ. ಅತ್ತೆ, "ಹೂಂ ಅಂದಾರ, ಹೋಗು," ಎಂದರು. ಅಂದು ರಾತ್ರಿಯೇ ಟ್ರಂಕು ಇಳಿಸಿದೆ.

ಮೊದಲ ಐತವಾರ ಹುಬ್ಬಳ್ಳಿ, ಗದಗ, ಮುಂಡರಗಿ ಕಡೆಯಿಂದ ಹತ್ತಾರು ಜನ ಬಂದಿದ್ದರು. ನಿವೃತ್ತ ಗಂಡ ಹೆಂಡತಿ, ಕಾಲೇಜು ಹುಡುಗಿಯರು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಒಬ್ಬರು, ಕಿವಿ ಮುಚ್ಚುವ ಮಂಕಿ ಟೊಪ್ಪಿಗೆ ಹಾಕಿದ ಒಬ್ಬ ಹಿರಿಯರು. ಸೋಮೇಶ್ವರನ ಗುಡಿಯ ಅಂಗಳದಲ್ಲಿ ಕಲ್ಲು ಕೊರೆಯುವಷ್ಟು ತಣ್ಣಗಿತ್ತು. ಬಾಗಿಲ ಚೌಕಟ್ಟಿನ ಬಳ್ಳಿ, ಗೋಡೆಯ ಸಣ್ಣ ಗೋಪುರಗಳು, ಹಿಂದಿನ ಮೆಟ್ಟಿಲ ಬಾವಿ, ಗರ್ಭಗುಡಿಯಲ್ಲಿ ನಂದಿಯ ಮೇಲೆ ಜೋಡಿಯಾಗಿ ಕೂತ ಶಿವ ಪಾರ್ವತಿ, ಆ ಮೂರ್ತಿಯನ್ನು ಭಕ್ತನೊಬ್ಬ ಸೌರಾಷ್ಟ್ರದಿಂದ ತಂದ ಎಂದು ಊರವರು ಹೇಳುವ ಕತೆ, ಎಲ್ಲವನ್ನೂ ಹೇಳಿದೆ. ಮೊದಲೆರಡು ಮಾತಿಗೆ ನಾಲಿಗೆ ಒಣಗಿತು. ಆಮೇಲೆ ಮಾತು ತಾನಾಗಿ ಬಂತು. ನನ್ನ ದನಿ ಆ ಕಂಬಗಳ ನಡುವೆ ತಿರುಗಿ ನನಗೇ ಕೇಳಿಸಿದಾಗ ಆದ ಸಂತೋಷವನ್ನು ಏನೆಂದು ಹೇಳಲಿ. ಮನೆಯಲ್ಲಿ ನಾನು ಸೊಸೆ, ಹೆಂಡತಿ, ಅವ್ವ. ಅಲ್ಲಿ ನಿಂತಾಗ ನಾನು ನಾನಾಗಿದ್ದೆ. ಇದನ್ನು ಬಿಡಬಾರದು ಎಂದು ಆಗಲೇ ಅನಿಸಿತು.

ಮಂಕಿ ಟೊಪ್ಪಿಗೆಯವರು ಒಂದು ತಕರಾರು ತೆಗೆದರು. "ರಾಜಧಾನಿ ಅಂತೀರಿ, ಖರೆ. ಅರಮನಿ ಎಲ್ಲೈತ್ರಿ?"

"ರಾಜರು ತಮ್ಮ ಮನಿ ಮಣ್ಣು ಕಟಗೀಲೆ ಕಟಗೊಂಡ್ರು, ದೇವರ ಮನಿ ಕಲ್ಲೀಲೆ ಕಟ್ಟಿದ್ರು. ಕಲ್ಲು ಉಳೀತ್ರಿ," ಎಂದೆ. ಜನ ತಲೆದೂಗಿದರು. ನನಗೆ ಒಂದು ಗೇಣು ಬೆಳೆದಂತಾಯಿತು.

ಹಾಗೆ ಬೆಳೆದವಳು ಪೇಟೆ ಬೀದಿಗೆ ಕಾಲಿಟ್ಟೆ. ಕಚೇರಿಯವರು ಕೊಟ್ಟಿದ್ದ ದಾರಿ ಅದೇ: ಗುಡಿ, ಪೇಟೆ, ಮಸೀದಿ, ಕೊನೆಗೆ ಬಸದಿಗಳು. ಸುಗ್ಗಿಯ ಮೊದಲ ಮಾಲು ಆಗ ತಾನೇ ಬರುತ್ತಿತ್ತು. "ಈ ಬೀದಿಯೊಳಗ ಸಾವಿರ ವರ್ಷದಿಂದ ವ್ಯಾಪಾರ ನಡದೈತಿ. ದೂರದೂರಿನ ವರ್ತಕರು..." ಎಂದು ಹೇಳುತ್ತ ಹಿಂದಕ್ಕೆ ಹೆಜ್ಜೆಯಿಡುತ್ತ ನಡೆಯುತ್ತಿದ್ದೆ. ತಿರುಗಿ ನೋಡಿದರೆ ಎದುರಿಗೇ ಗಾದಿ, ಗಾದಿಯ ಮೇಲೆ ಬಿಳಿ ಟೊಪ್ಪಿಗೆ.

ವರ್ತಕರು ಮಾತಿನ ನಡುವೆ ಅಲ್ಲಿಯೇ ನಿಂತರು. ನನ್ನ ಕೈ ನನ್ನನ್ನು ಕೇಳದೆ ಸೆರಗನ್ನು ತಲೆಗೆಳೆಯಿತು. ಕಾಲು ಚಪ್ಪಲಿ ಬಿಟ್ಟವು. ಚಪ್ಪಲಿ ಎತ್ತಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಎದುರಿನ ಸಾಲಿನ ಅಂಚು ಹಿಡಿದು ಸರಸರ ನಡೆದೆ. ಹಿಂದೆ ಹತ್ತಾರು ಜನ ಇದ್ದಾರೆ ಎಂಬುದು ಮರೆತೇ ಹೋಗಿತ್ತು.

ಅಂಗಡಿ ದಾಟಿದ ಮೇಲೆ ತಿರುಗಿ ನೋಡಿದೆ. ಬಂದವರೆಲ್ಲ ತಮ್ಮ ತಮ್ಮ ಬೂಟು ಚಪ್ಪಲಿಗಳನ್ನು ಮಾವನ ಅಂಗಡಿಯ ಮುಂದೆ ಸಾಲಾಗಿ ಬಿಟ್ಟಿದ್ದರು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದಿದ್ದರು. ಹುಡುಗಿಯರು ದುಪಟ್ಟಾ ಹೊದ್ದಿದ್ದರು. ಮಂಕಿ ಟೊಪ್ಪಿಗೆಯವರು ಟೊಪ್ಪಿಗೆ ತೆಗೆದು, ಕಣ್ಣು ಮುಚ್ಚಿ, ಮಾವನಿಗೆ ಕೈ ಮುಗಿದು ನಿಂತಿದ್ದರು. ಮಾವ ಗಡಬಡಿಸಿ ಎದ್ದು, ಕೈಯಲ್ಲಿದ್ದ ಮೆಣಸಿನಕಾಯಿ ಸಮೇತ ತಾವೂ ಕೈ ಮುಗಿದಿದ್ದರು. ಅವರ ಹಿಂದೆ ಚೀಲಗಳ ಗೋಪುರ.

ಒಬ್ಬ ಹುಡುಗಿ ಓಡಿ ಬಂದು ಪಿಸುಗುಟ್ಟಿದಳು, "ಮೇಡಂ, ಇವ್ರು ಯಾವ ಮಠದ ಅಜ್ಜಾರ್ರಿ?"

ನಾನು ಉತ್ತರ ಹೇಳುವ ಮೊದಲೇ ಸೀನು ಶುರುವಾದವು. ಮೊದಲು ಕ್ಯಾಮೆರಾದವರು, ಆಮೇಲೆ ಹುಡುಗಿಯರು, ಆಮೇಲೆ ಎಲ್ಲರೂ. ಅದಕ್ಕಿಂತ ದೊಡ್ಡ ಆಪತ್ತು ಕಾಲ ಕೆಳಗಿತ್ತು. ಮೆಣಸಿನಕಾಯಿ ಅಂಗಡಿಯ ಮುಂದಿನ ನೆಲದ ಮೇಲೆ ಬೀಜ, ಪುಡಿ, ಮುರಿದ ತೊಟ್ಟು ಎಲ್ಲ ಬಿದ್ದಿರುತ್ತವೆ. ಅದರ ಮೇಲೆ ಬರಿಗಾಲಲ್ಲಿ ನಿಂತರೆ ಮೊದಲು ಏನೂ ಆಗುವುದಿಲ್ಲ. ನಿಧಾನವಾಗಿ ಏರುತ್ತದೆ. ಮಸೀದಿ ಮುಟ್ಟುವ ಹೊತ್ತಿಗೆ ಎಲ್ಲರೂ ಒಂದೊಂದು ಕಾಲ ಮೇಲೆ ನಿಲ್ಲುತ್ತಿದ್ದರು. ಗುಮ್ಮಟದ ಬಗ್ಗೆ, ಎರಡು ಮಿನಾರಗಳ ಬಗ್ಗೆ ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಎಲ್ಲರೂ ನೀರಿನ ಹೌದಿಯ ಕಡೆ ನೋಡುತ್ತಿದ್ದರು.

ಮಾವನ ಅಂಗಡಿಯ ಎದುರಿಗೆ ಬಳೆ ಅಂಗಡಿಯ ಮೌಲಾಸಾಬರು. ಮಾವನಿಗೆ ಚಿಕ್ಕಂದಿನ ಗೆಳೆಯರು. ಇಂಥದ್ದು ಕಣ್ಣಿಗೆ ಬಿದ್ದರೆ ಬಿಡುವ ಪೈಕಿ ಅವರಲ್ಲ. ಮರುದಿನ ಪೇಟೆಯಲ್ಲಿ ಒಂದೇ ಮಾತು. "ಚೆನಬಸಣ್ಣನ ಗುಡಿ ಬಾಗಲಾ ಎಷ್ಟಕ್ಕ ತೆಗೀತೈತಿ?" ಎಂದು ಒಬ್ಬರು ಕೇಳಿದರೆ, "ಕಾಯಿ ಬ್ಯಾಡ, ಮೆಣಸಿನಕಾಯೀನ ಒಡಸ್ತಾರಂತ," ಎಂದು ಇನ್ನೊಬ್ಬರು. ಹಮಾಲರು ಚೀಲ ಇಳಿಸುವ ಮೊದಲು ಚಪ್ಪಲಿ ಬಿಟ್ಟು ಮೆಟ್ಟಿಲು ಮುಟ್ಟಿ ನಮಸ್ಕಾರ ಮಾಡಿದರಂತೆ. ಈ ಖಬರೆಲ್ಲ ನಮ್ಮವರ ಬಾಯಿಂದ ಮನೆಗೆ ಬಂತು. ಅತ್ತೆ ನನ್ನ ಅಂಗಾಲಿಗೆ ಬೆಣ್ಣೆ ಹಚ್ಚುತ್ತ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಾವ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನಿಂದ ಅವರು ಪೇಟೆಯ ನಗೆಪಾಟಲಾದರಲ್ಲ ಎಂದು ಎದೆಯಲ್ಲಿ ಕಲ್ಲು ಕೂತಂತಾಯಿತು.

ಮುಂದಿನ ಐತವಾರದಿಂದ ನಾನು ಪೇಟೆ ಬೀದಿ ಬಿಟ್ಟೆ. ಗುಡಿಯಿಂದ ಹಿಂದಿನ ಓಣಿ ಹಿಡಿದು ಸೀದಾ ಮಸೀದಿಯ ಬೆನ್ನಿಗೆ ಕರೆದೊಯ್ಯುತ್ತಿದ್ದೆ. ಆ ಓಣಿಯಲ್ಲಿ ಇದ್ದದ್ದು ಒಂದು ಗಟಾರು, ಒಂದು ಒಡೆದ ವೀರಗಲ್ಲು, ಕಟ್ಟಿ ಹಾಕಿದ ನಾಲ್ಕಾರು ಎಮ್ಮೆ. ಪುಣ್ಯಕ್ಕೆ ಎಮ್ಮೆಗಳಿಗೆ ಇತಿಹಾಸ ಬೇಕಿರಲಿಲ್ಲ. ವೀರಗಲ್ಲಿನ ಬಗ್ಗೆ ಎಷ್ಟು ಹೇಳಬಹುದೋ ಅಷ್ಟನ್ನೂ ಎಳೆದು ಎಳೆದು ಹೇಳುತ್ತಿದ್ದೆ.

ಕೆಲಸ ಚೆನ್ನಾಗಿಯೇ ನಡೆಯಿತು. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬಂದ ಮರುದಿನ ಗಂಟಲು ಕಟ್ಟಿದ್ದರೂ ನಡಿಗೆ ತಪ್ಪಿಸಲಿಲ್ಲ. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಎಳೆ ತೆನೆ ಸುಟ್ಟು ಸೀತನಿ ಮಾಡಿ, ಗಂಟು ಕಟ್ಟಿ ತಂದು ಬಸದಿಯ ಕಟ್ಟೆಯ ಮೇಲೆ ಬಂದವರಿಗೆ ಹಂಚಿದೆ. ಶಂಖ ಬಸದಿಯೊಳಗೆ ಒಂದು ಸಣ್ಣ ಕಲ್ಲಿನ ಗೋಪುರವಿದೆ. ಮೈತುಂಬ ಬೆರಳುಗಾತ್ರದ ಜಿನಮೂರ್ತಿಗಳು, ಸಾವಿರಕ್ಕೂ ಮಿಕ್ಕಿ. ಅದರ ಮುಂದೆ ಜನ ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ಅವರನ್ನು ಹಾಗೆ ನಿಲ್ಲಿಸುವುದೇ ನನ್ನ ವಾರದ ಹಬ್ಬವಾಗಿತ್ತು.

ಬಳೆ ತೊಡಲು ಮೌಲಾಸಾಬರನ್ನು ಮನೆಗೇ ಕರೆಸುತ್ತಿದ್ದೆವು. ಸಂಕ್ರಾಂತಿಯ ಮುಂಚೆ ಬಂದವರು ನನ್ನ ಕೈ ಹಿಡಿದು ಬಳೆ ಏರಿಸುತ್ತ ಹೇಳಿದರು.

"ನಿಮ್ಮ ಮಾಮಾಗ ಏನಾಗೈತಿ ಬೇಟಿ? ಐತ್ವಾರ ಮುಂಜಾನಿ ಆತಂದ್ರ ಬೀದಿಗೆ ಬೆನ್ನ ಮಾಡಿ ಕುಂಡ್ರತಾನ. ಗಿರಾಕಿ ಬಂದ್ರೂ ಹೊಳ್ಳಿ ನೋಡಂಗಿಲ್ಲ. ಮಧ್ಯಾಹ್ನಕ್ಕ ಮತ್ತ ಸೀದಾ ಕುಂಡ್ರತಾನ."

"ಐತ್ವಾರ ಅಷ್ಟ ಏನ್ರಿ?"

"ಐತ್ವಾರ ಅಷ್ಟ. ಸಿಟ್ಟು ಬಂದೈತೋ ಏನೋ. ನಾ ಕೇಳಿದ್ರ ಬಾಯಿ ಬಿಡವಲ್ಲ."

ನನ್ನ ಕೈಯಲ್ಲಿ ಒಂದು ಬಳೆ ಒಡೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಐತವಾರ ಮುಂಜಾನೆ ನಾನು ಬೀದಿಗಿಳಿಯುವ ಹೊತ್ತು. ಆ ಹೊತ್ತಿಗೇ ಬೆನ್ನು ತಿರುಗಿಸಿದ್ದಾರೆ ಎಂದರೆ ನನ್ನ ಮುಖ ನೋಡಲು ಮನಸ್ಸಿಲ್ಲ ಎಂದೇ ಅರ್ಥ. ಅಂದಿನಿಂದ ಅವರಿಗೆ ಊಟ ಬಡಿಸುವುದನ್ನು ಅತ್ತೆಗೇ ಬಿಟ್ಟೆ.

ಶಿವರಾತ್ರಿ ಹತ್ತಿರ ಬಂದಾಗ ಗದಗದ ಕಚೇರಿಯಿಂದ ನಡಿಗೆಯ ಉಸ್ತುವಾರಿಯ ಮೇಡಂ ಫೋನ್ ಮಾಡಿದರು. ಮೈಸೂರು ಕಡೆಯವರು, ಮಾತು ಮೆತ್ತಗೆ, ವಿಷಯ ಗಟ್ಟಿ. ಪೇಟೆಯವರು ದೂರು ಕೊಟ್ಟಿದ್ದರು. ಊರು ನೋಡಲು ಬಂದವರು ಪೇಟೆಗೆ ಬರುವುದೇ ಇಲ್ಲ, ಚೆನ್ನಬಸಪ್ಪನವರ ಸೊಸೆ ಅವರನ್ನು ಎಮ್ಮೆ ಓಣಿಯಿಂದ ಹೊಡೆದುಕೊಂಡು ಹೋಗುತ್ತಾಳೆ ಎಂದು.

"ಬರೋ ಭಾನುವಾರ ನಾನೇ ಬರ್ತೀನಿ, ಪೂರ್ತಿ ನಡೀತೀನಿ. ಪೇಟೆ ಬೀದಿ ಬಿಟ್ಟರೆ ಈ ನಡಿಗೆಗೆ ಅರ್ಥ ಇಲ್ಲಮ್ಮ. ನಿಮಗೆ ಆಗಲ್ಲ ಅಂದ್ರೆ ಹೇಳಿ, ಗದಗದಲ್ಲಿ ಒಬ್ಬರು ತಯಾರಿದ್ದಾರೆ. ಅವರಿಗೆ ವಹಿಸ್ತೀನಿ."

ಆಗಲ್ಲ ಎನ್ನಲು ನಾಲಿಗೆ ತಿರುಗಲಿಲ್ಲ. ಆಗುತ್ತದೆ ಎಂದು ಹೇಳಿ ಫೋನ್ ಇಟ್ಟು, ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಅತ್ತದ್ದು ಹೊಗೆಗೆ ಎಂದು ಹೇಳುವಂತಿರಲಿಲ್ಲ, ಗ್ಯಾಸ್ ಒಲೆ. ಅತ್ತೆಗೆ ಎಲ್ಲ ಹೇಳಿದೆ.

"ಊರಿಗೆ ಬಂದಾಕಿ ನೀರಿಗೆ ಬರ್ಲಾರದ ಇರ್ತಾಳೇನು? ಇವತ್ತಲ್ಲ ನಾಳಿ ಆ ಬೀದಿಗೆ ನೀ ಹೋಗಾಕ ಬೇಕಿತ್ತು," ಎಂದರು ಅವರು. "ನಿಮ್ಮ ಮಾವಗ ಹೇಳು."

"ನಾ ಹೆಂಗ ಹೇಳಲ್ರಿ?"

"ನನಗ ಹೇಳು. ಜರಾ ಗಟ್ಟ್ಯಾಗಿ ಹೇಳು."

ರಾತ್ರಿ ಮಾವ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ನಾನು ಅಡುಗೆ ಮನೆಯೊಳಗಿಂದ ಅತ್ತೆಗೆ, ಅಂದರೆ ಅವರಿಗೆ ಹೇಳಿದೆ. "ಅತ್ತ್ಯಾರ, ಬರೂ ಐತ್ವಾರ ಮೇಡಂ ಬರ್ತಾರಂತ್ರಿ. ಪ್ಯಾಟಿ ಬೀದೀಲೆ ಹಾಯಬೇಕಂತ. ಇಲ್ಲಾಂದ್ರ ಕೆಲಸ ಬ್ಯಾರೇದವ್ರಿಗೆ ಕೊಡ್ತಾರಂತ. ನನಗ ಈ ಕೆಲಸ ಬೇಕ್ರಿ."

ಕೊನೆಯ ಮಾತು ಹೇಳಬೇಕೆಂದು ಹೇಳಿದ್ದಲ್ಲ. ಬಂದುಬಿಟ್ಟಿತು. ಆ ಮನೆಯಲ್ಲಿ ನನಗೆ ಇಂಥದ್ದು ಬೇಕು ಎಂದು ನಾನು ಹೇಳಿದ್ದು ಅದೇ ಮೊದಲು. ಪಡಸಾಲೆಯಿಂದ ಮಾವ, "ಮಜ್ಜಿಗಿ ತಗೊಂಬಾ," ಎಂದರು. ಅತ್ತೆ ಒಯ್ದು ಕೊಟ್ಟರು. ಅಷ್ಟೇ.

ಐತವಾರ ಬಂತು. ಚಳಿ ಹಿಂಜರಿದು ಬಿಸಿಲಿಗೆ ಹದ ಬಂದಿತ್ತು. ಮೇಡಂ ಕಾರಿನಿಂದಿಳಿದರು, ಜೊತೆಗೆ ಗದಗದ ಆ ಹೊಸಬರೂ ಇದ್ದರು, ಹೆಗಲಿಗೆ ಮೈಕು ತೂಗುಹಾಕಿಕೊಂಡು. ಜನ ಎಂದಿಗಿಂತ ಹೆಚ್ಚು. ಗುಡಿಯಲ್ಲಿ ಏನು ಹೇಳಿದೆನೋ ನನಗೆ ನೆನಪಿಲ್ಲ. ಪೇಟೆ ಬೀದಿಯ ತಿರುವಿಗೆ ಬಂದಾಗ ಕಾಲು ತಾವೇ ಓಣಿಯ ಕಡೆ ಎಳೆದವು. ಹಲ್ಲು ಕಚ್ಚಿ ಬೀದಿಗಿಳಿದೆ.

ದೂರದಿಂದಲೇ ಕಂಡಿತು. ಗಾದಿಯ ಮೇಲೆ ಬಿಳಿ ಅಂಗಿಯ ಬೆನ್ನು. ಮುಖ ಚೀಲಗಳ ಕಡೆ. ಸಿಟ್ಟು ಇದ್ದರೆ ಇರಲಿ, ಮರ್ಯಾದೆ ನಾನು ಬಿಡಬಾರದು ಎಂದು ಸೆರಗು ತಲೆಗೆಳೆದೆ. ಚಪ್ಪಲಿ ಬಿಡಲು ಬಗ್ಗಿದೆ. ಹಿಂದಿನಿಂದ ಯಾರೋ ಬೂಟಿನ ಕಟ್ಟು ಬಿಚ್ಚುವ ಸಪ್ಪಳವಾಯಿತು. ಮತ್ತೆ ಅದೇ ಪಾಡು ಎಂದುಕೊಂಡೆ. ಮುಂದೆ ಹೋಗಲಾರೆ, ಹಿಂದೆ ಬರಲಾರೆ, ನಟ್ಟನಡು ಬೀದಿಯಲ್ಲಿ ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತೆ.

ಮೇಡಮ್ಮಿಗೆ ಇದೆಲ್ಲ ಏನು ಗೊತ್ತು? ಸೀದಾ ಅಂಗಡಿಯ ಮುಂದೆ ಹೋಗಿ ನಿಂತು ಕೇಳಿಯೇ ಬಿಟ್ಟರು, "ಯಾಕೆ ಯಜಮಾನ್ರೇ, ನಮಗೆಲ್ಲ ಬೆನ್ನು ಹಾಕಿ ಕೂತಿದ್ದೀರಾ?"

ಮಾವ ತಿರುಗಲಿಲ್ಲ. ಚೀಲಗಳಿಗೆ ಹೇಳಿದಂತೆ ಹೇಳಿದರು.

"ಅಲ್ಲಿ ನಿಂತಾಕಿ ನನ್ನ ಸೊಸಿ ಅದಾಳ್ರಿ. ನನ್ನ ಮಾರಿ ಕಂಡ್ರ ಆಕಿ ಮಾತು ನಿಂದರ್ತಾವ. ಮೊದಲ್ನೇ ದಿನ ಹಂಗ ಆತು, ಎಲ್ಲಾರೂ ನಕ್ಕರು. ಅದಕ್ಕ ಐತ್ವಾರಕ್ಕೊಮ್ಮೆ ಹಿಂಗ ಕುಂಡ್ರತೀನಿ. ಆಕಿ ಆರಾಮ ಮಾತಾಡ್ಕೋತ ಹೋಗ್ಲಿ ಅಂತ. ಆದ್ರ ಆಕಿ ಈ ಕಡೆ ಬರ್ಲೇ ಇಲ್ಲ, ಹಿಂದಿನ ಓಣಿ ಹಿಡದ್ಲು. ನಾ ಏನ್ ಮಾಡ್ಲಿ?"

ಬೀದಿಯಲ್ಲಿ ಯಾರೂ ನಗಲಿಲ್ಲ. ಮೌಲಾಸಾಬರು ಬಳೆ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ನೋಡುತ್ತಿದ್ದರು. ಇಡೀ ಚಳಿಗಾಲ ಪ್ರತಿ ಐತವಾರ ಅವರು ನನಗಾಗಿ ದಾರಿ ಬಿಟ್ಟು ಕೂತಿದ್ದರು. ನಾನು ಅವರಿಗಾಗಿ ದಾರಿ ಬಿಟ್ಟು ಎಮ್ಮೆಗಳ ನಡುವೆ ತಿರುಗಿದ್ದೆ. ನನಗೆ ಅಳು ಬಂತು, ನಗುವೂ ಬಂತು, ಮೆಣಸಿನ ಘಾಟಿಗೆ ಸೀನೂ ಬಂತು. ಮೂರರಲ್ಲಿ ಸೀನು ಗೆದ್ದಿತು.

ಸೀನಿದ ಸಪ್ಪಳಕ್ಕೆ ಮಾವ ತಿರುಗಿದರು. ನನ್ನ ಕಾಲು ನೋಡಿದರು. ನಡುವೆ ಅತ್ತೆ ಇರಲಿಲ್ಲ, ಗೋಡೆ ಇರಲಿಲ್ಲ.

"ಚಪ್ಪಲಿ ಹಾಕ್ಕೋ ಯವ್ವಾ. ಬೀಜ ಬಿದ್ದಾವು, ಕಾಲು ಉರೀತಾವು."

ಹಾಕಿಕೊಂಡೆ. ಸೆರಗು ಹೆಗಲಿಗೆ ಜಾರಿತು, ಮತ್ತೆ ಎಳೆದುಕೊಳ್ಳಲಿಲ್ಲ. ಮಾವನ ಎದುರಿಗೆ ನಿಂತು, ಮೊದಲ ದಿನ ಬೀದಿಯಲ್ಲೇ ನಿಂತುಹೋಗಿದ್ದ ವರ್ತಕರನ್ನು ಮತ್ತೆ ಕರೆತಂದೆ. ಯಾವ ಯಾವ ಊರಿಂದ ಬರುತ್ತಿದ್ದರು, ಏನೇನು ಮಾರುತ್ತಿದ್ದರು, ಗುಡಿಗೆ ಎಣ್ಣೆ, ದೀಪ ಎಂದು ದತ್ತಿ ಬಿಡುತ್ತಿದ್ದರು ಎಂದೆಲ್ಲ ಹೇಳಿದೆ. ಮಾವ ಗಾದಿಯ ಮೇಲೆ ಕೂತು ಗಿರಾಕಿಯ ಮಾತು ಕೇಳುವಷ್ಟೇ ಗಮನ ಕೊಟ್ಟು ಕೇಳಿದರು. ಮುಗಿದ ಮೇಲೆ ಗಾದಿಯಿಂದಿಳಿದು, ಚಪ್ಪಲಿ ಮೆಟ್ಟಿ, ಅಂಗಡಿ ನೋಡಿಕೊಳ್ಳಲು ಮೌಲಾಸಾಬರಿಗೆ ಕೈಸನ್ನೆ ಮಾಡಿ ನಮ್ಮ ಜೊತೆ ಬಂದು ನಿಂತರು.

ನಾನು ಅಭ್ಯಾಸದಂತೆ ಬದಿಗೆ ಸರಿದು ಅವರಿಗೆ ದಾರಿ ಬಿಟ್ಟೆ. ಅವರು ಹೆಜ್ಜೆ ಎತ್ತಲಿಲ್ಲ.

"ನೀ ಮುಂದ ನಡಿ. ಹಾದಿ ತೋರ್ಸಾಕಿ ನೀನು. ನಾವು ಹಿಂದ ಬರ್ತೀವಿ."

ನಾನು ಮುಂದೆ ನಡೆದೆ. ಮಸೀದಿಯಲ್ಲಿ ಅವರು ತಲೆಯೆತ್ತಿ ಮಿನಾರ ನೋಡುತ್ತ ನಿಂತರು. ಶಂಖ ಬಸದಿಯಲ್ಲಿ ಆ ಸಾವಿರ ಮೂರ್ತಿಗಳ ಕಲ್ಲಿನ ಮುಂದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಹುಟ್ಟಿದಾಗಿಂದ ಈ ಊರಾಗ ಅದೀನಿ. ಇದರ ಒಳಗ ಬಂದಿದ್ದಿಲ್ಲ ನೋಡ್ರಿ," ಎಂದು ಮೇಡಮ್ಮಿಗೆ ಹೇಳಿದರು. ಗದಗದ ಹೊಸಬರು ಮೈಕನ್ನು ಒಮ್ಮೆಯೂ ಬಾಯಿಗೆ ಹಿಡಿಯಲಿಲ್ಲ.

ಕೆಲಸ ನನಗೇ ಉಳಿಯಿತು. ಹೆಚ್ಚು ದಿನ ಅಲ್ಲ. ಶಿವರಾತ್ರಿ ಮುಗಿಯಿತು, ಬಿಸಿಲು ಏರಿತು, ನಡಿಗೆ ನಿಂತಿತು. ಮುಂದಿನ ವರ್ಷ ಆ ಯೋಜನೆಯೇ ಬರಲಿಲ್ಲ. ಮೇಡಮ್ಮಿಗೆ ಬೇರೆ ಕಡೆ ವರ್ಗವಾಯಿತು. ನಮ್ಮವರ ಕೆಲಸ ಗದಗಿಗೆ ಬಿದ್ದು ನಾವು ಪಕ್ಕದ ಬೆಟಗೇರಿಗೆ ಬಂದೆವು. ನಾನೀಗ ಇಲ್ಲಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಟ್ರಂಕು ಮತ್ತೆ ಅಟ್ಟಕ್ಕೆ ಹೋಗಲಿಲ್ಲ, ಅಷ್ಟಾಯಿತು.

ಹಬ್ಬಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿ ಬರುತ್ತೇವೆ. ಮಾವ ಈಗಲೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಮಾತಿನ ಮನುಷ್ಯರೇ ಅಲ್ಲ ಅವರು. ಹೊರಡುವ ದಿನ ಮಾತ್ರ ಬಸ್ ಸ್ಟ್ಯಾಂಡಿನ ತನಕ ಬಿಡಲು ಬರುತ್ತಾರೆ, ಪೇಟೆ ಬೀದಿಯಿಂದಲೇ. ಬಾಗಿಲು ದಾಟಿದ ಮೇಲೆ ನಮ್ಮ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡು ನಿಂತುಬಿಡುತ್ತಾರೆ, ನಾನು ಮುಂದಾಗುವ ತನಕ. ವಯಸ್ಸಾಗಿದೆ, ಹೆಜ್ಜೆ ಸಣ್ಣದಾಗಿದೆ. ಹಿಂದೆ ಉಳಿದರೋ ಎಂದು ನಾನು ತಿರುಗಿ ನೋಡಿದರೆ ಕೈಯಾಡಿಸುತ್ತಾರೆ.

"ನಡಿ ಯವ್ವಾ, ನಡಿ. ಬರಾಕತ್ತೀನಿ."